ಮೂಕ ಐಸು

ಹಿರೇಕೆರೂರಿನಿಂದ ಟಂಟಂ ಗಾಡಿಯಲ್ಲಿ ತಂದ ಐಸಿನ ಗಡ್ಡೆಯನ್ನು ಫಕ್ಕೀರೇಶ ಸುತ್ತಿಗೆಯಿಂದ ಒಡೆದು, ಚಾಪೆಯ ಮೇಲೆ ಮಲಗಿಸಿದ್ದ ಅಣ್ಣನ ಎರಡೂ ಮಗ್ಗುಲಿಗೆ ಇಡುತ್ತಿದ್ದ. ಮಗಳು ಮಾಲಾ ಪುಣೆಯಿಂದ ಬರುವ ತನಕ ಉಳಿವೆಪ್ಪನ ಹೆಣ ಕೆಡದಂತೆ ಕಾಯಬೇಕಿತ್ತು. ಬಂದವರೆಲ್ಲ ಹೆಣದ ಬಾಯಿಗೆ ನೀರು ಬಿಟ್ಟಾಗಿತ್ತು. ತಲೆಯ ಬಳಿ ಕುಳಿತ ಹೆಂಡತಿ ಶೇಖವ್ವ ಒಬ್ಬಳೇ ಬಾಕಿ.

"ಒಂದು ಹನಿ ನೀರರ ಬಿಡ್ರಿ ವೈನಿ," ಎಂದ ಫಕ್ಕೀರೇಶ.

"ಬಿಡ್ತೇನಿ, ತಡಿ."

ಅಷ್ಟು ಚಳಿಗಾಲ ಎಲ್ಲಿ ಮಲಗೆದ್ದು ಬಂದನೋ ತಿಳಿಯದ ಗಂಡನಿಗೆ ಯಾವ ಮನಸ್ಸಿನಿಂದ ನೀರು ಬಿಡುವುದು? ಅವಳಿಗೆ ಅಳುವೂ ಬರುತ್ತಿರಲಿಲ್ಲ.

*

ದೀಪಾವಳಿ ಮುಗಿಸಿ ಗೋವಾದ ರೈಲು ಹತ್ತಿದರೆ ಉಳಿವೆಪ್ಪ ಯುಗಾದಿ ದಾಟಿದ ಮೇಲೇ ಬರುತ್ತಿದ್ದ. ದುಡ್ಡಿದ್ದವರು ಭೂಮಿಯ ದಕ್ಷಿಣದ ತುದಿಗೆ ಐಸಿನ ಗುಡ್ಡ ನೋಡಲು ಹೋಗುತ್ತಾರೆ, ಆ ಹಡಗಿನ ಅಡುಗೆಮನೆಯಲ್ಲಿ ಬಟಾಟಿ ಸುಲಿಯುತ್ತೇನೆ ಎನ್ನುತ್ತಿದ್ದ. ಅಲ್ಲಿ ಮನುಷ್ಯರಂತೆ ನಿಂತು ನಡೆಯುವ ಹಕ್ಕಿಗಳಂತೆ, ಹಿಂಡು ಹತ್ತಿರವಾದರೆ ಕೋಳಿ ಫಾರ್ಮಿನ ನಾತವಂತೆ. ಎಮ್ಮೆಯಷ್ಟು ದಪ್ಪನೆಯ ಪ್ರಾಣಿಗಳು ಐಸಿನ ಮೇಲೆ ಬಿಸಿಲಿಗೆ ಬಿದ್ದುಕೊಂಡಿರುತ್ತವಂತೆ. ಐಸು ನೋಡಲು ದುಡ್ಡು ಸುರಿಯುವ ಹುಚ್ಚರು ಯಾರಪ್ಪ ಎಂದು ಹಂಸಭಾವಿ ಊರೇ ನಕ್ಕಿತು. ಫೋಟೋ ತೋರಿಸಿದರೆ, ಇಂಥವು ಯಾರ ಮೊಬೈಲಿನಲ್ಲಿಲ್ಲ ಎಂದರು.

ಅಷ್ಟರಲ್ಲಿ ಫಕ್ಕೀರೇಶ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಅಣ್ಣ ಬುರ್ಖಾದ ಹೆಂಗಸೊಬ್ಬಳ ಜೊತೆ ಚಹಾ ಕುಡಿಯುವುದನ್ನು ಕಂಡುಬಂದು ಅತ್ತಿಗೆಯ ಕಿವಿ ಊದಿದ. ಕೇಳಿದರೆ ಗೆಳೆಯನ ಹೆಂಡತಿ ಎಂದ ಉಳಿವೆಪ್ಪ. ಹಾಗೆನ್ನದೆ ಇನ್ನೇನು ಎಂದಾನು! ಅಂದಿನಿಂದ ಶೇಖವ್ವನ ಪಾಲಿಗೆ ಹಡಗೂ ಇಲ್ಲ, ಹಕ್ಕಿಯೂ ಇಲ್ಲ. ಗೋವಾದಲ್ಲೊಂದು ಮನೆ, ಆ ಮನೆಯಲ್ಲೊಬ್ಬಳು, ಅಷ್ಟೇ.

ಅವನಿಗೊಂದು ಚಟವೂ ಇತ್ತು. ಮದುವೆಯಲ್ಲಿ ಶರಬತ್ತು ಕೊಟ್ಟರೆ ಕುಡಿಯುವ ಮೊದಲು ಗ್ಲಾಸನ್ನು ಕಿವಿಗೆ ಹಿಡಿಯುತ್ತಿದ್ದ. "ಇದು ಮೂಕ ಐಸು," ಎಂದು ಆಮೇಲೆ ಕುಡಿಯುತ್ತಿದ್ದ. ಹೆಂಗಸರು ಬಾಯಿಗೆ ಸೆರಗಿಟ್ಟು ನಗುವಾಗ ಶೇಖವ್ವನಿಗೆ ನೆಲ ಬಾಯಿಬಿಡಬಾರದೇ ಎನಿಸುತ್ತಿತ್ತು.

*

ಮಧ್ಯಾಹ್ನ ಸವಣೂರಿನಿಂದ ಬುರ್ಖಾದ ಹೆಂಗಸೊಬ್ಬಳು ಬಂದಳು. ಅಣ್ಣನ ಫೋನಿನಲ್ಲಿದ್ದ ಎಲ್ಲ ನಂಬರಿಗೂ ಸಾವಿನ ಸುದ್ದಿ ಕಳಿಸಿದ್ದ ಫಕ್ಕೀರೇಶ ನಾಲಿಗೆ ಕಚ್ಚಿಕೊಂಡ.

"ಅಕೀನ, ವೈನಿ," ಎಂದು ಪಿಸುಗುಟ್ಟಿದ.

ಅಳುತ್ತಿದ್ದವರೂ ಅಳು ನಿಲ್ಲಿಸಿ ನೋಡಿದರು.  ಶೇಖವ್ವನಿಗೆ ಹೆಣದ ಮುಂದೆಯೇ ಅವಳ ಜುಟ್ಟು ಹಿಡಿಯಬೇಕೆನಿಸಿತು.

ಬಂದವಳು ತನ್ನ ಹೆಸರು ದಿಲ್ಶಾದ ಎಂದು ಹೇಳಿ ದೂರವೇ ಕುಳಿತಳು. ಅವಳೂ ಅಳಲಿಲ್ಲ, ಶೇಖವ್ವನನ್ನೇ ಅಳೆದು ನೋಡುತ್ತಿದ್ದಳು. ಆಮೇಲೆ ನೆಲಕ್ಕೆ ಸಿಡಿದು ಬಿದ್ದಿದ್ದ ಐಸಿನ ಚೂರೊಂದನ್ನು ಎತ್ತಿ ಕಿವಿಗೆ ಹಿಡಿದಳು.

ಶೇಖವ್ವ ಕುಳಿತಲ್ಲೇ ಮುಂದಕ್ಕೆ ಬಾಗಿದಳು. "ಇದನ್ನ ಯಾರು ಕಲಿಸಿದ್ರು ನಿಮಗ?"

"ನಮ್ಮ ಮನಿಯವರು, ಮುಜಾಫರ ಅಂತ. ನಿಮ್ಮವರ ಜೋಡಿನ ಹಡಗಿಗೆ ಹೋಗ್ತಿದ್ರು. ಹೋದ ರಮಜಾನದಾಗ ತೀರಿಕೊಂಡ್ರು. ಆ ಕಡೆ ಐಸಿನಾಗ ಹಳೇ ಕಾಲದ ಗಾಳಿ ಸಿಕ್ಕೊಂಡಿರ್ತೈತಂತ ಅಕ್ಕಾರ. ನೀರಾಗ ಕರಗುವಾಗ ಒಗ್ಗರಣಿ ಸಿಡಿದಂಗ ಚಟಚಟ ಅಂತೈತಂತ. ನಾ ನಂಬಲಿಲ್ಲ. ಹುಬ್ಬಳ್ಳಿ ಸ್ಟೇಶನ್ ತನಕ ಅವರ ಬೆನ್ನು ಹತ್ತಿ ಹೋಗಿದ್ದೆ. ಅಲ್ಲಿ ನಿಮ್ಮವರು ಚಾ ಕುಡಿಸಿದ್ರು. ಇಬ್ಬರೂ ಕೂಡಿ ಆಟ ಹೂಡ್ಯಾರ ಅನ್ಕೊಂಡೆ." ದಿಲ್ಶಾದ ಶೇಖವ್ವನ ಹತ್ತಿರ ಸರಿದಳು. "ಒಂದ ಮಾತು ಕೇಳಾಕ ಬಂದೇನಿ. ನಿಮ್ಮವರೂ ಹಿಂಗ ಮಾಡ್ತಿದ್ರೇನ್ರಿ?"



"ಮಾಡ್ತಿದ್ರು. ನನಗ ನಾಚಿಕಿ ಆಗ್ತಿತ್ತವ್ವ," ಎಂದಳು ಶೇಖವ್ವ. ನಾಚಿಕೆ ಈಗಲೂ ಆಗುತ್ತಿತ್ತು, ಆದರೆ ಗಂಡನ ಬಗ್ಗೆ ಅಲ್ಲ.

ಮಾಲಾ ಬಂದು ಅತ್ತಾದ ಮೇಲೆ ಹೆಣ ಎತ್ತುವ ಹೊತ್ತಾಯಿತು. ಫಕ್ಕೀರೇಶ ಚಮಚದಲ್ಲಿ ನೀರು ತುಂಬಿ ಚಾಚಿದ. ಶೇಖವ್ವ ಅದನ್ನು ಬದಿಗೆ ಸರಿಸಿ, ಕರಗಿ ನಿಂಬೆಹಣ್ಣಿನಷ್ಟಾಗಿದ್ದ ಐಸಿನ ಚೂರನ್ನು ಎತ್ತಿ ಗಂಡನ ಕಿವಿಗೆ ಹಿಡಿದಳು. ಇನ್ನೊಂದು ಅಂಗೈಯನ್ನು ಅದರ ಕೆಳಗೆ ಒಡ್ಡಿದಳು. ಹೆಗಲು ಕೊಡಲು ನಿಂತವರು ಕಾದರು. ಚೂರು ಪೂರ್ತಿ ಕರಗಿದ ಮೇಲೆ, ಅಂಗೈಯಲ್ಲಿ ನಿಂತ ಆ ನೀರನ್ನೇ ಅವಳು ಅವನ ಬಾಯಿಗೆ ಬಿಟ್ಟಳು.