ಎಡಗಡೆಯ ಕುರ್ಚಿ

"ಕಾಲು ಅಗಲ ಮಾಡು. ಇನ್ನೂ. ನಾಚ್ಕೊಂಡ್ರೆ ಆಗಲ್ಲ," ಎನ್ನುತ್ತ ಆರ್ವಿಡ್ ಎಂಗೆನ್ ತನ್ನ ಬೂಟಿನ ತುದಿಯಿಂದ ರಾಯ್ಸ್‌ನ ಬೂಟನ್ನು ಪಕ್ಕಕ್ಕೆ ತಳ್ಳಿದ. "ಸೊಂಟ ಬಂದೂಕಿನ ನೇರಕ್ಕೆ ಬರಲಿ. ನೀನು ಓರೆಯಾಗಿ ಮಲಗಿದ್ರೆ ಅದೂ ಓರೆಯಾಗೇ ಎಗರ್ತದೆ. ಆಮೇಲೆ ಗುಂಡು ಎಲ್ಲಿ ಹೋಯ್ತು ಅಂತ ನಿಮ್ಮಪ್ಪನಾಣೆಗೂ ಕಾಣಲ್ಲ."

"ಭುಜ ಕಿತ್ಕೊಂಡು ಹೋಗಲ್ಲ ತಾನೆ?" ಚಾಪೆಯ ಮೇಲೆ ಬೋರಲು ಮಲಗಿದ್ದ ರಾಯ್ಸ್ ಕೇಳಿದ.

"ನನ್ನ ಬ್ರೇಕು ಇರೋವಾಗ? ಹೆಂಡ್ತಿ ಬೆನ್ನು ತಟ್ಟಿದ ಹಾಗಿರ್ತದೆ."

"ನನ್ನ ಹೆಂಡ್ತಿ ಬೆನ್ನು ತಟ್ಟೋದನ್ನ ನೀನು ನೋಡಿಲ್ಲ ಬಿಡು."

ಅಕ್ಕಪಕ್ಕದಲ್ಲಿದ್ದ ನಾಲ್ಕಾರು ಮಂದಿ ನಕ್ಕರು. ಆರ್ವಿಡ್ ನಗಲಿಲ್ಲ. ಅವನ ಕಣ್ಣು ಬಂದೂಕಿನ ಎಡಗಡೆ ಖಾಲಿ ಬಿದ್ದಿದ್ದ ಮಡಚುವ ಕುರ್ಚಿಯ ಮೇಲಿತ್ತು.

ಬಂದೂಕು ಅವನದೇ. ಅರ್ಧ ಇಂಚಿನ ನಳಿಗೆ, ನಲವತ್ತು ಪೌಂಡು ತೂಕ, ಅಂಗೈಗಿಂತ ಉದ್ದದ ತೋಟೆ. ಹಾಗೇ ಬಿಟ್ಟರೆ ಅದು ಒದೆಯುವ ಒದೆತಕ್ಕೆ ಎಂಥ ಗಟ್ಟಿ ಆಳೂ ವಾರಗಟ್ಟಲೆ ಕೈ ಎತ್ತಲಾರ. ಮೊಂಟಾನಾದ ಆ ಬಯಲುಸೀಮೆಯಲ್ಲಿ ಟ್ರ್ಯಾಕ್ಟರು, ಕಟಾವಿನ ಯಂತ್ರ ರಿಪೇರಿ ಮಾಡಿಕೊಂಡಿದ್ದ ಆರ್ವಿಡ್ ಇಪ್ಪತ್ತು ವರ್ಷದಿಂದ ಈ ಒದೆತವನ್ನು ಪಳಗಿಸುವುದನ್ನೇ ಹುಚ್ಚಾಗಿ ಹಚ್ಚಿಕೊಂಡಿದ್ದ. ನಳಿಗೆಯ ಮೂತಿಗೆ ತಿರುಪಿ ಹಾಕುವ ಉಕ್ಕಿನ ಬ್ರೇಕಿಗೆ ಹಿಮ್ಮುಖವಾಗಿ ಓರೆ ಸೀಳುಗಳನ್ನು ಕೊರೆದು, ಗುಂಡಿನ ಹಿಂದೆ ನುಗ್ಗುವ ಬೆಂಕಿಗಾಳಿ ಮುಂದಕ್ಕೆ ಹೋಗದೆ ಪಕ್ಕಕ್ಕೂ ಹಿಂದಕ್ಕೂ ಹರಿಯುವಂತೆ ಮಾಡಿದ್ದ. ಆ ಗಾಳಿ ಬಂದೂಕನ್ನು ಮುಂದಕ್ಕೆಳೆದು ಹಿಡಿಯುತ್ತದೆ, ಭುಜಕ್ಕೆ ಬರುವುದು ಬರೀ ಒಂದು ತಳ್ಳು. ಕೊರೆದು ಎಸೆದು, ಮತ್ತೆ ಕೊರೆದು, ಇದು ಏಳನೆಯ ಬ್ರೇಕು. ಸುತ್ತಲ ಮೂರು ರಾಜ್ಯಗಳ ಬಂದೂಕಿನವರು ಅವನ ಶೆಡ್ಡಿಗೆ ಹುಡುಕಿಕೊಂಡು ಬರುತ್ತಿದ್ದರು. ಆ ಜಂಬ ಅವನಿಗೆ ಸಾಕಷ್ಟು ಇತ್ತು.

ಆದರೆ ಇವತ್ತು ಆ ಜಂಬವೆಲ್ಲ ಯಾವ ಉಪಯೋಗಕ್ಕೆ? ಎರಡು ಗಂಟೆಗೆ ಕ್ಲಬ್ಬಿನ ವರ್ಷದ ಪಂದ್ಯ. ಒಂದೂವರೆ ಮೈಲಿ ದೂರದ ಉಕ್ಕಿನ ಹಲಗೆಗೆ ಐದು ಗುಂಡು, ಐದು ನಿಮಿಷ. ಅದು ಜೋಡಿಗಳ ಪಂದ್ಯ. ಒಬ್ಬ ಹೊಡೆಯಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ದುರ್ಬೀನಿನಲ್ಲಿ ಗುಂಡಿನ ದಾರಿ ನೋಡಿ ಎಲ್ಲಿ ಬಿತ್ತೆಂದು ಹೇಳಬೇಕು. ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತವಳು ಅವನ ಹೆಂಡತಿ ಮರ್ನಾ. ಗಾಳಿ ಸೀಳಿಕೊಂಡು ಹೋಗುವ ಗುಂಡಿನ ಗೆರೆಯನ್ನು ಅವಳಷ್ಟು ಚೆನ್ನಾಗಿ ನೋಡುವವರು ಇಡೀ ಜಿಲ್ಲೆಯಲ್ಲಿರಲಿಲ್ಲ. ಮೂರು ಸಲ ಎರಡನೆಯ ಸ್ಥಾನ ಬಂದಿತ್ತು. ಈ ಸಲ ಹೊಸ ಬ್ರೇಕು, ಹೊಸ ನಳಿಗೆ, ಗೆಲುವು ಕೈಗೆ ಸಿಕ್ಕಂತೆಯೇ ಎಂದುಕೊಂಡಿದ್ದ. ಮಂಗಳವಾರ ಬೆಳಿಗ್ಗೆ ತಟ್ಟೆಗೆ ಮೊಟ್ಟೆ ಬಡಿಸುತ್ತ ಮರ್ನಾ, "ಈ ವರ್ಷ ನಾನು ಕೂರಲ್ಲ," ಅಂದುಬಿಟ್ಟಳು. ಯಾಕೆ ಎಂದರೆ, "ಸಾಕಾಗಿದೆ," ಅಷ್ಟೆ. ಹತ್ತೊಂಬತ್ತು ವರ್ಷ ಓಡಿಸಿದ ಶಾಲೆಯ ಬಸ್ಸಿನ ಕೆಲಸವನ್ನು ಮಾರ್ಚಿನಲ್ಲಿ ಬಿಟ್ಟಾಗಲೂ ಅದೇ ಮಾತು. ವಯಸ್ಸಾದ ಹಾಗೆ ಹೆಂಗಸರಿಗೆ ಎಲ್ಲದರ ಮೇಲೂ ಮುನಿಸು ಬರುತ್ತದೆ ಎಂದು ಆರ್ವಿಡ್ ತೀರ್ಮಾನ ಮಾಡಿ, ತಾನೂ ಮುನಿಸಿಕೊಂಡು ಕೂತ. ಈಗ ಅವಳು ಗುಂಡು ಹೊಡೆಯುವವರ ಸಾಲಿನ ಎಡತುದಿಯ ಅಡುಗೆ ಶೆಡ್ಡಿನಲ್ಲಿ ಬಂದವರಿಗೆಲ್ಲ ಬೀನ್ಸು ಬಡಿಸುತ್ತಿದ್ದಳು. ಮಧ್ಯಾಹ್ನ ಒಂದರೊಳಗೆ ಜೋಡಿಯ ಹೆಸರು ಬರೆಸಬೇಕು, ಇಲ್ಲದಿದ್ದರೆ ಈ ವರ್ಷವೂ ಹೋಯಿತು.

"ನನ್ನ ಗುಂಡು ಯಾರು ನೋಡ್ತಾರೆ?" ರಾಯ್ಸ್ ತಲೆಯೆತ್ತಿ ಕೇಳಿದ. ಬ್ರೇಕು ಕೊಳ್ಳುವ ಮುಂಚೆ ಐದು ಗುಂಡು ಹೊಡೆದು ನೋಡಲು ಬಂದಿದ್ದ ಗಿರಾಕಿ ಅವನು.

"ನಾನೇ ನೋಡ್ತೀನಿ," ಎಂದು ಆರ್ವಿಡ್ ಕಿವಿಗವಸು ಏರಿಸಿಕೊಂಡು ಮರ್ನಾಳ ಕುರ್ಚಿಯಲ್ಲಿ ಕೂತ. ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಕುರ್ಚಿಯಲ್ಲಿ ಕೂತಿದ್ದು ಅದೇ ಮೊದಲು. ತಾನು ಹೊಡೆಯುವಾಗ ಚಾಪೆಯ ಮೇಲಿರುತ್ತಿದ್ದ, ಬೇರೆಯವರು ಹೊಡೆಯುವಾಗ ಬೆನ್ನ ಹಿಂದೆ ದೂರ ನಿಂತು ಅವರ ಭುಜ ಎಷ್ಟು ಅಲುಗಿತು ಎಂದಷ್ಟೇ ನೋಡುತ್ತಿದ್ದ.

"ಬಂದೂಕಿನ ಜೊತೆ ಜಗಳ ಆಡ್ಬೇಡ. ಅದು ಬರ್ತದೆ, ಬರಲಿ. ಅರ್ಧ ಉಸಿರು ಬಿಟ್ಟು ನಿಲ್ಲಿಸು. ಹೊಡೆದ ಮೇಲೂ ಬೆರಳು ತೆಗೀಬೇಡ," ಎಂದು ಹೇಳಿ ಕಣ್ಣನ್ನು ದುರ್ಬೀನಿಗೆ ಒಡ್ಡಿದ.

ಆಮೇಲೆ ಆದದ್ದು ಏನೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ಯಾರೋ ಹಲಗೆ ತೆಗೆದುಕೊಂಡು ಬಲಗೆನ್ನೆಗೆ ಬಾರಿಸಿದಂತಾಯಿತು. ಟೋಪಿ ಹಾರಿತು, ದುರ್ಬೀನು ಹುಬ್ಬಿಗೆ ಬಡಿಯಿತು, ಬಾಯೊಳಗೆಲ್ಲ ಮಣ್ಣು. ಹಲ್ಲಿನ ಬೇರು ಜುಂ ಎನ್ನುತ್ತಿತ್ತು. ಎದೆಯ ಗೂಡಿನೊಳಗೆ ಏನೋ ಒಂದು ಜಾಗ ಬಿಟ್ಟು ಸರಿದು ಮತ್ತೆ ಬಂದು ಕೂತಿತು. ಗವಸಿದ್ದರೂ ಕಿವಿಯೊಳಗೆ ಒಂದು ಸಣ್ಣ ಸೀಟಿ ಶುರುವಾಗಿತ್ತು. ಬ್ರೇಕು ಒಡೆದೇ ಹೋಯಿತು ಎಂದುಕೊಂಡು ಅವನು ಗಾಬರಿಯಿಂದ ನಳಿಗೆಯ ತುದಿ ನೋಡಿದ. ಬ್ರೇಕು ಗಟ್ಟಿಯಾಗಿ ಅಲ್ಲೇ ಇತ್ತು.

"ಅಯ್ಯೋ ಮಾರಾಯ!" ರಾಯ್ಸ್ ಹಲ್ಲುಬಿಟ್ಟ. "ಏನೂ ಗೊತ್ತೇ ಆಗ್ಲಿಲ್ಲ! ಎಲ್ಲಿ ಬಿತ್ತು?"

ಎಲ್ಲಿ ಬಿತ್ತು? ಆರ್ವಿಡ್ ಏನನ್ನೂ ನೋಡಿರಲಿಲ್ಲ. "ಎಡಕ್ಕೆ... ಸ್ವಲ್ಪ," ಎಂದು ಬಾಯಿಗೆ ಬಂದದ್ದು ಹೇಳಿದ. ಎರಡನೆಯದಕ್ಕೆ ಏನಾದರೂ ಸರಿ ಕಣ್ಣು ಮುಚ್ಚಬಾರದೆಂದು ಕುರ್ಚಿಯ ಕೈ ಹಿಡಿದು ಕೂತ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮೂರನೆಯದಕ್ಕೆ ಗುಂಡು ಹಾರುವ ಮುಂಚೆಯೇ ಮುಚ್ಚಿತು, ಕುತ್ತಿಗೆ ಹೆಗಲೊಳಗೆ ಹುದುಗಿತು. ಒದೆಗೆ ಹೆದರಿ ಕಣ್ಣು ಮುಚ್ಚುವವರನ್ನು ಇಷ್ಟು ವರ್ಷ ಊರ ಮುಂದೆ ಗೇಲಿ ಮಾಡಿದ ಮನುಷ್ಯ ಅವನು.

"ಇನ್ನೆರಡು ಇದೆಯಲ್ಲ, ಎಲ್ಲಿಗೆ ಹೊರಟೆ?"

"ಇರು. ಬಂದೆ."

ಎದ್ದಾಗ ನೆಲ ಸ್ವಲ್ಪ ವಾಲಿದಂತಿತ್ತು. ಬರೀ ಮೂರು ಗುಂಡು. ಅವಳು ಪ್ರತಿ ಭಾನುವಾರದ ಅಭ್ಯಾಸಕ್ಕೆ ಇಪ್ಪತ್ತು, ಮೂವತ್ತು ಗುಂಡು ಕೂರುತ್ತಿದ್ದಳು. ಹಿಂದಿನ ಆರೂ ಬ್ರೇಕುಗಳಿಗೆ ಕೂತಿದ್ದಳು. ಒಂದೊಂದರಲ್ಲೂ ಸೀಳನ್ನು ಇನ್ನಷ್ಟು ಹಿಂದಕ್ಕೆ ಓರೆ ಮಾಡಿ, "ಈ ಸಲ ಹೇಗಿದೆ ನೋಡು, ಬೆಣ್ಣೆ ಹಾಗಿದೆ!" ಎಂದು ಅವನು ಕುಣಿದಾಗ ಅವಳು ಬಟ್ಟೆಯ ಮಣ್ಣು ಕೊಡವಿಕೊಂಡು, "ಹೌದಾ?" ಎನ್ನುತ್ತಿದ್ದಳು.

ಅಡುಗೆ ಶೆಡ್ಡಿನಲ್ಲಿ ಮರ್ನಾ ಬೆನ್ನು ಮಾಡಿ ದೊಡ್ಡ ಪಾತ್ರೆಯಲ್ಲಿ ಸೌಟಾಡಿಸುತ್ತಿದ್ದಳು. ಆರ್ವಿಡ್ ಅವಳ ಬಲಕ್ಕೆ ಬಂದು ನಿಂತು ಕರೆದ. ತಿರುಗಲಿಲ್ಲ. ಇನ್ನೂ ಕೋಪವಿದೆ ಎಂದುಕೊಂಡ. ಮತ್ತೆ ಕರೆದ, ಜೋರಾಗಿ. ಸೌಟು ಆಡುತ್ತಲೇ ಇತ್ತು. ಅವಳ ಮುಖದಲ್ಲಿ ಕೋಪವೇನೂ ಇರಲಿಲ್ಲ, ಏನೋ ಹಾಡಿನ ಗುಂಗಿನಲ್ಲಿದ್ದಂತೆ ತುಟಿ ಅಲುಗುತ್ತಿತ್ತು.

ಅವನು ಸುತ್ತಿಕೊಂಡು ಎಡಕ್ಕೆ ಹೋದ. ತೀರ ಮೆಲ್ಲಗೆ, "ಮರ್ನಾ," ಅಂದ.

"ಏನು? ಹಸಿವಾಯ್ತಾ ಮಹಾರಾಯನಿಗೆ?" ಎಂದು ತಟ್ಟನೆ ತಿರುಗಿದಳು. "ಹುಬ್ಬಿಗೇನಾಯ್ತು?"

ಟ್ರಕ್ಕಿನಲ್ಲಿ ಅವನು ಕೂರುವುದು ಅವಳ ಎಡಕ್ಕೆ. ಊಟದ ಮೇಜಿನಲ್ಲೂ ಎಡಕ್ಕೇ. ಹಾಸಿಗೆಯಲ್ಲೂ.

"ಬಲಗಿವಿ ಯಾವಾಗಿಂದ ಕೇಳಲ್ಲ ನಿಂಗೆ?"

ಮರ್ನಾ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. ಅವನ ಮುಖ ನೋಡಿದಳು, ಅವನ ಅಂಗಿಯ ಮೇಲಿನ ಮಣ್ಣು ನೋಡಿದಳು. "ಓ, ಕುರ್ಚೀಲಿ ಕೂತಿದ್ಯಾ?"

"ಯಾವಾಗಿಂದ ಅಂದೆ."

"ಪೂರ್ತಿ ಹೋಗಿ ಎರಡು ವರ್ಷ ಆಯ್ತೇನೋ. ಮುಂಚೆ ಬರೀ ಸೀಟಿ ಹೊಡೀತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ ಕಣೋ. ಸ್ವಲ್ಪ ದೂರ ಕೂರ್ತೀನಿ ಅಂದೆ. ದೂರ ಕೂತ್ರೆ ಗುಂಡಿನ ದಾರಿ ಕಾಣಲ್ಲ, ಗವಸು ಸರಿಯಾಗಿ ಹಾಕ್ಕೋ ಅಂದೆ ನೀನು." ಅವಳ ದನಿಯಲ್ಲಿ ದೂರಿರಲಿಲ್ಲ. "ಹೋಗ್ಲಿ, ಅದು ಸರೀನೇ. ನಿಜಕ್ಕೂ ಕಾಣಲ್ಲ."

ಅಂದದ್ದು ಅವನಿಗೆ ನೆನಪಿತ್ತು. ಅಂದು ಎಲ್ಲರೂ ನಕ್ಕದ್ದೂ ನೆನಪಿತ್ತು.

"ಬಸ್ಸು ಬಿಟ್ಟಿದ್ದು?"

ಮರ್ನಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿದಳು. "ಬಸ್ಸಿನ ಬಾಗ್ಲು ಬಲಕ್ಕಲ್ವಾ. ನೋವಾಕ್ ಮನೆ ಮಗು, ಒಂದನೇ ಕ್ಲಾಸು. ಇಳಿಯೋವಾಗ ಬ್ಯಾಗಿನ ಪಟ್ಟಿ ಬಾಗ್ಲಲ್ಲಿ ಸಿಕ್ಕಿತ್ತು. ಅದು ಕೂಗಿದ್ದು ನಂಗೆ ಕೇಳ್ಲಿಲ್ಲ. ಹಿಂದೆ ಮಕ್ಕಳು ಕಿರುಚಿದ್ರೆ ದಿನದ ಗಲಾಟೆ ಅಂದ್ಕೊಂಡು ಬಸ್ಸು ಹೊರಡಿಸ್ದೆ."

"ಮರ್ನಾ—"

"ಬಸ್ಸಿನ ಜೊತೇಲೇ ಓಡ್ತು ಪಾಪ. ಹತ್ತು ಹೆಜ್ಜೆ, ಹದಿನೈದು. ಕನ್ನಡಿ ನೋಡೋ ಹೊತ್ತಿಗೆ ಒಂದು ಬೂಟು ಹಿಂದೆ ಹಿಮದಲ್ಲಿ ಬಿದ್ದಿತ್ತು." ಅವಳು ಉಸಿರು ತೆಗೆದುಕೊಂಡಳು. "ಏನೂ ಆಗ್ಲಿಲ್ಲ. ಮೊಣಕಾಲು ತರಚಿತ್ತು ಅಷ್ಟೆ. ನಾನು ನಡುಗ್ತಾ ನಡುಗ್ತಾ ಬೂಟು ಹಾಕ್ತಿದ್ರೆ, ಅದೇ ನಂಗೆ 'ಸಾರಿ ಮಿಸೆಸ್ ಎಂಗೆನ್' ಅಂತು. ಮಾರನೇ ದಿನ ಶಾಲೆಗೆ ಹೋಗಿ ಎಲ್ಲಾ ಹೇಳಿ, ಬೀಗದ ಕೈ ಕೊಟ್ಟು ಬಂದೆ."

ಆರ್ವಿಡ್ ತಿರುಗಿ ದೂರದ ಆ ಕುರ್ಚಿಯನ್ನು ನೋಡಿದ. ಮಾರ್ಚಿನಿಂದ ಜೂನಿನವರೆಗೆ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಅವಳು ಇದನ್ನು ಒಬ್ಬಳೇ ಹೊತ್ತು ಕೂತಿದ್ದಳು. ಅವನು ಆ ಸಂಜೆಗಳೆಲ್ಲ ತನ್ನ ಶೆಡ್ಡಿನಲ್ಲಿ ಏಳನೆಯ ಬ್ರೇಕಿಗೆ ಸೀಳು ಕೊರೆಯುತ್ತಿದ್ದ.

ಅವನು ಕುರ್ಚಿ ನೋಡಿದ್ದು ಪಂದ್ಯದ ಚಿಂತೆಗೆ ಎಂದು ಮರ್ನಾ ತಿಳಿದುಕೊಂಡಳು. ಗೋಡೆಯ ಗಡಿಯಾರ ನೋಡಿದಳು. ಒಂದಕ್ಕೆ ಹತ್ತು ನಿಮಿಷವಿತ್ತು.

"ಅಯ್ಯೋ, ಮೂತಿ ಹಾಗೆ ಮಾಡ್ಬೇಡ, ನೋಡಕ್ಕಾಗಲ್ಲ," ಎಂದು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. "ಈ ವರ್ಷ ಒಂದು ಕೂತ್ಬಿಡ್ತೀನಿ ನಡಿ. ಹೋದ ಕಿವಿ ಹೇಗೂ ಹೋಯ್ತು. ಗೆದ್ದಾದ್ರೂ ಸಾಯಿ ನೀನು." ಅವನ ತೋಳನ್ನು ಒಮ್ಮೆ ತಟ್ಟಿ, ಶೆಡ್ಡಿನಿಂದ ಇಳಿದು ಗುಂಡಿನ ಸಾಲಿನ ಕಡೆಗೆ ಬಿರಬಿರನೆ ನಡೆದಳು.

ಬೆಳಗ್ಗಿನಿಂದ ಅವನು ಕಾದದ್ದು ಇದೇ ಮಾತಿಗೆ. ಈಗ ಅವನು ಮೊಳೆಯ ಮೇಲಿನ ಏಪ್ರನ್ ನೋಡುತ್ತ ನಿಂತ. ಯಾರೋ ಬೀನ್ಸು ಕೇಳಿದರು, ಯಾರೋ ಅವನ ಭುಜ ಮುಟ್ಟಿ ಹುಷಾರಿದ್ದೀಯಾ ಅಂದರು. ಅಷ್ಟು ಹೊತ್ತಿಗೆ ಅವಳು ದೂರ ಹೋಗಿದ್ದಳು. ರಾಯ್ಸ್ ಚಾಪೆಯಿಂದ ತಲೆಯೆತ್ತಿ ಅವಳಿಗೆ ಏನೋ ಹೇಳಿದ, ಅವಳು ನಗುತ್ತ ತಲೆಯಾಡಿಸಿ ಕುರ್ಚಿಯಲ್ಲಿ ಕೂತಳು. ಕೂದಲು ಹಿಂದಕ್ಕೆ ಸರಿಸಿ ಗವಸು ಏರಿಸಿಕೊಂಡಳು. ರಾಯ್ಸ್‌ನ ಕೆನ್ನೆ ಬಂದೂಕಿನ ಮೇಲೆ ಒರಗಿತು.

"ಮರ್ನಾ!" ಆರ್ವಿಡ್ ಓಡಿದ. "ಬೇಡ! ಏಳು! ರಾಯ್ಸ್, ಹೊಡೀಬೇಡ ಕಣೋ! ಏಳೇ ಅಲ್ಲಿಂದ!"

ಸಾಲಿನಲ್ಲಿದ್ದ ಎಲ್ಲರ ಕಿವಿಗೂ ಗವಸಿತ್ತು. ಒಬ್ಬರೂ ತಿರುಗಲಿಲ್ಲ. ಇನ್ನು ಇಪ್ಪತ್ತು ಹೆಜ್ಜೆಯಿತ್ತು, ಅವನು ಅವಳ ಎಡಗಡೆಯಿಂದಲೇ ಬರುತ್ತಿದ್ದ.

ಬಂದೂಕು ಹಾರಿತು. ಅವಳ ಕೂದಲೆಲ್ಲ ಒಂದೇ ಕಡೆಗೆ ಎದ್ದು ನಿಂತಿತು, ಕೆನ್ನೆಯ ಚರ್ಮ ಮೂಳೆಯ ಮೇಲೆ ನಡುಗಿತು, ಹುಲ್ಲು ನೆಲಕ್ಕೆ ಬಾಗಿತು. ಇಷ್ಟು ವರ್ಷದಲ್ಲಿ ಗುಂಡು ಹಾರುವ ಗಳಿಗೆಯಲ್ಲಿ ಅವನು ಅವಳ ಮುಖ ನೋಡಿರಲಿಲ್ಲ. ಅವಳ ಕಣ್ಣು ಮುಚ್ಚಲಿಲ್ಲ. ಒಂದು ರೆಪ್ಪೆಯೂ ಆಡಲಿಲ್ಲ. ಧೂಳಿನ ನಡುವೆ ಆ ಕಣ್ಣು ದುರ್ಬೀನಿನಲ್ಲಿ ನೆಟ್ಟಿತ್ತು, ಬಹಳ ಹೊತ್ತು, ಗುಂಡು ಬಯಲು ದಾಟಿ ಹೋಗಿ ಬೀಳುವವರೆಗೂ.

"ಬಲಕ್ಕೆ ಒಂದು ಗೇಣು," ಎಂದಳು ಮರ್ನಾ. "ಎತ್ತರ ಸರಿಯಾಗಿದೆ."