ನಾಣ್ಯ ಮಾರುವ ನಾಗರತ್ನ

ದೊಡ್ಡಉಳ್ಳಾರ್ತಿಯಲ್ಲಿ ಬಸ್ಸಿಳಿದು ಮನೆಯ ಹೊಸ್ತಿಲು ದಾಟುವಾಗಲೇ ನಾಗರತ್ನಳ ಕಣ್ಣಿಗೆ ಬಿದ್ದದ್ದು ಅವ್ವನ ಬೋಳು ಕಿವಿ. ಅಪ್ಪ ಸತ್ತಾಗಲೂ ಬಿಚ್ಚದ ಬೆಂಡೋಲೆ ಮಾಯವಾಗಿದ್ದವು.

ಎಲ್ಲಿ ಎಂದು ಕೇಳಿದರೆ ಅವ್ವ ಲಕ್ಷ್ಮಕ್ಕ ನಕ್ಕಳು. "ನೀನೇ ಹೇಳ್ದ್ಯಲ್ಲೇ, ಬಂಗಾರ ಮಾರಿ ಕಾಯಿನ್‌ಗೆ ಹಾಕವ್ವ ಅಂತ. ಚಳ್ಳಕೆರೇಲಿ ಮಾರಿ ಹಾಕಿಸ್ದೆ."

ನಾಗರತ್ನ ಅಂಥ ಮಾತು ಹೇಳಿದ್ದೇ ಇಲ್ಲ. ಮೊಳಕಾಲ್ಮೂರಿನ ಸೀರೆ ಅಂಗಡಿಯಲ್ಲಿ ದಿನವಿಡೀ ಮಡಿಕೆ ಬಿಚ್ಚಿ ಮಡಿಚುವವಳಿಗೆ ಕಾಯಿನ್ ಎಂದರೆ ಚಿಲ್ಲರೆ, ಅಷ್ಟೇ.

ಅವ್ವ ಹೆಮ್ಮೆಯಿಂದ ಫೋನ್ ಹಿಡಿದಳು. ದಿನಾ ಬೆಳಗ್ಗೆ ವಿಡಿಯೋ ಬರುತ್ತದಂತೆ. ಮುಖ ನಾಗರತ್ನಳದೇ, ಮೂಗಿನ ಪಕ್ಕದ ಮಚ್ಚೆಯ ಸಮೇತ. ಆ ನಾಗರತ್ನ ಕಂಪ್ಯೂಟರಿನೊಳಗಿನ ನಾಣ್ಯದ ಬಗ್ಗೆ ಪಟಪಟನೆ ಮಾತಾಡಿ, ನಡುವೆ ನಾಲ್ಕು ಮಾತು ತೆಲುಗನ್ನೂ ಸೇರಿಸಿ, ಉಂಡ್ಯಾ ಅವ್ವ ಎಂದು ಕೇಳಿ ಕೈಮುಗಿದಳು. ನಲವತ್ತು ಸಾವಿರ ಜನ ಫೋನಿನಲ್ಲಿ ಅವಳನ್ನು ಹಿಂಬಾಲಿಸುತ್ತಿದ್ದರು. ಅಂಗಡಿಯಲ್ಲಿ ನಾಲ್ಕು ಜನ ಇವಳ ಹೆಸರು ಕೇಳಿದವರಿಲ್ಲ.

ಆಮೇಲೆ ಹೊಳೆಯಿತು. ಹೋದ ವರ್ಷ ಇಬ್ಬರು ಅಂಗಡಿಗೆ ಬಂದು, ಸೀರೆ ಜಾಹೀರಾತಿಗೆ ನಿಮ್ಮ ಅವತಾರ್ ಮಾಡುತ್ತೇವೆ ಎಂದಿದ್ದರು. ದೇವರ ಅವತಾರವಷ್ಟೇ ಗೊತ್ತಿದ್ದ ಇವಳು ಉಬ್ಬಿಹೋಗಿ, ಓದದೆ ಸಹಿ ಹಾಕಿ, ಗಿರಾಕಿಗಳಿಗೆ ಹೇಳುವುದನ್ನೆಲ್ಲ ಕ್ಯಾಮೆರಾದ ಮುಂದೆ ಒಪ್ಪಿಸಿದ್ದಳು. ಬಾರವ್ವ, ನೋಡವ್ವ, ಉಂಡ್ಯಾ ಅವ್ವ. ಈ ಸೀಮೆಯಲ್ಲಿ ಅಂಗಡಿ ಮೆಟ್ಟಿಲು ಹತ್ತಿದ ಹೆಂಗಸರೆಲ್ಲ ಅವ್ವನೇ ತಾನೆ! ಅದರಿಂದ ಕಂಪ್ಯೂಟರಿನಲ್ಲಿ ಮಾಡಿದ ಮಾತಾಡುವ ಬೊಂಬೆಯನ್ನು ಕೊಂಡು, ತಮ್ಮ ಸ್ವಂತ ಮುಖ ತೋರಿಸದೆ ನಾಣ್ಯ ಮಾರುವ ಯಾರೋ ಈಗ ಇವಳ ಮುಖ ಹಾಕಿಕೊಂಡು ಕೂತಿದ್ದರು. ಎಲ್ಲರನ್ನೂ ಕರೆಯುವ ಆ ಅವ್ವ ಎಂಬ ಮಾತು ತನಗೇ ಹೇಳಿದ್ದೆಂದು ಲಕ್ಷ್ಮಕ್ಕ ತಿಳಿದಿದ್ದಳು.

"ಅದು ನಾನಲ್ಲ ಕಣವ್ವ. ಬೊಂಬೆ. ನನ್ ಮುಖ ಹಾಕ್ಕಂಡೈತೆ, ಎಲ್ರಿಗೂ ಅವ್ವ ಅಂತೈತೆ."

ಹೆತ್ತವಳಿಗೆ ಮಗಳ ಗುರುತು ಸಿಗುವುದಿಲ್ಲವೇ ಎಂದು ಲಕ್ಷ್ಮಕ್ಕ ರೇಗಿದಳು. ನಾಗರತ್ನ ಬಿಡಲಿಲ್ಲ. ನಾಳೆಯೇ ಪೊಲೀಸರ ಹತ್ತಿರ ಹೋಗೋಣ, ಓಲೆ ಹೋದರೆ ಹೋಗಲಿ, ಆ ಮುಖವನ್ನು ಮಾತ್ರ ಇನ್ನು ನಂಬಬೇಡ ಎಂದು ಕೈ ಹಿಡಿದುಕೊಂಡು ಬಿಡಿಸಿ ಬಿಡಿಸಿ ಹೇಳಿದಳು. ಕೊನೆಗೆ ಅವ್ವ ನಂಬಿದಳು. ಅವಳ ಮುಖ ಇಳಿದುಹೋಯಿತು. ಬೆಂಡೋಲೆಯ ಮಾತನ್ನೇ ಎತ್ತಲಿಲ್ಲ.

"ಹಂಗಾರೆ ದಿನಾ ಉಂಡ್ಯಾ ಅವ್ವ ಅಂತ ಕೇಳ್ತಿದ್ದೋಳು ಯಾರೇ?" ಎಂದಳು.

ನಾಗರತ್ನ ಅವ್ವನಿಗೆ ಫೋನ್ ಮಾಡಿದ್ದು ಉಗಾದಿಗೇ ಕೊನೆ. ಈಗ ದೀಪಾವಳಿ ಬಂದಿತ್ತು.