ಮೂವತ್ತೆರಡು ಹೆಬ್ಬೆಟ್ಟು

ಟಿಯಾಮಿಕೆ ಪೆನ್ನು ಚಾಚಿದ್ದು ಇದು ಹನ್ನೊಂದನೆಯ ಸಲ. ಎದುರು ನಿಂತ ಮುದುಕಿ ಪೆನ್ನನ್ನೂ ಬಿಚ್ಚಿಟ್ಟ ಪುಸ್ತಕವನ್ನೂ ನೋಡಿ, ಕನ್ನಡಕ ಮನೆಯಲ್ಲೇ ಬಿಟ್ಟು ಬಂದೆ ಎಂದು ಗೊಣಗಿ, ಹೆಂಗಸರು ಹೆಣದ ಸುತ್ತ ಕೂತಿದ್ದ ಒಳಕೋಣೆಗೆ ನುಸುಳಿದಳು. ಆಕೆ ಕನ್ನಡಕ ಹಾಕಿದ್ದನ್ನು ಮ್ಪಾಲೆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಪುಸ್ತಕ ಬೆಳಗ್ಗೆಯಿಂದ ಖಾಲಿಯಾಗಿಯೇ ಇತ್ತು. ಅಪ್ಪನ ಮಣ್ಣಿಗೆ ಬಂದವರು ಒಂದು ಹೆಸರು, ಒಂದು ಸಾಲು ಬರೆಯಲಿ ಎಂದು ಅವಳು ತಾನು ಪಾಠ ಹೇಳುವ ಜೊಂಬಾ ಪೇಟೆಯಿಂದ ಅದನ್ನು ತಂದಿದ್ದಳು. ಬಂದವರು ಇನ್ನೂರಕ್ಕೆ ಕಡಿಮೆಯಿಲ್ಲ. ಅತ್ತರು, ಹಾಡಿದರು, ಬೀನ್ಸಿನ ಜೊತೆ ನ್ಸಿಮಾ ಮುದ್ದೆ ಹೊಟ್ಟೆತುಂಬ ಉಂಡರು. ಪುಸ್ತಕದ ಹತ್ತಿರ ಮಾತ್ರ ಸುಳಿಯಲಿಲ್ಲ.

"ಬರಿಯೋದಿಲ್ಲ ಮಗಳೇ, ಸುಮ್ನೆ ಕೈ ನೋಯಿಸ್ಕೋಬೇಡ," ಎಂದ ದರ್ಜಿ ಕೆಫಾಸಿ, ಸೈಕಲ್ಲನ್ನು ಮಾವಿನ ಮರಕ್ಕೆ ಒರಗಿಸುತ್ತ. "ಈ ಮನೇಲಿ ಹೆಸರು ಬರೆಸ್ಕೊಂಡೋರ ಗತಿ ಏನಾಯ್ತು ಅಂತ ಊರಿಗೇ ಗೊತ್ತು. ಸತ್ತೋರ ಮೇಲೆ ನಾನು ಕೆಟ್ಟದ್ದು ಆಡೋನಲ್ಲ. ಆ ಪಟ್ಟಿ ಎಲ್ಲಿಗೆ ಹೋಯ್ತು ಅಂತ ಮಾತ್ರ ಕೇಳ್ತೀನಿ."

ಕೆಟ್ಟದ್ದು ಆಡದ ಈ ಪುಣ್ಯಾತ್ಮ ಬೆಳಗಿನಿಂದ ಇದೇ ಮಾತನ್ನು ಅಂಗಳದ ಒಂದೊಂದು ಗುಂಪಿಗೂ ತಪ್ಪದೆ ಹಂಚಿ ಬಂದಿದ್ದ.

ಅಪ್ಪ ಫ್ರಾಕ್ಸನ್ ಇಪ್ಪತ್ತೈದು ವರ್ಷ ಜರ್ಮನಿಯವರ ಒಂದು ರಾಜಕೀಯ ಪ್ರತಿಷ್ಠಾನಕ್ಕೆ ದುಡಿದವನು. ಹಲಗೆಯ ಮತಪೆಟ್ಟಿಗೆಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗಿ, ಓಟು ಹಾಕುವುದು ಹೇಗೆ, ಗೆದ್ದವನನ್ನು ಪ್ರಶ್ನೆ ಕೇಳುವುದು ಹೇಗೆ ಎಂದು ಕಲಿಸುತ್ತಿದ್ದ. ಮಾವಿನಹಣ್ಣು ಒಬ್ಬ ಅಭ್ಯರ್ಥಿ, ಪೇರಲಹಣ್ಣು ಇನ್ನೊಬ್ಬ. ಜನ ನಗುತ್ತ ಚೀಟಿ ಹಾಕುತ್ತಿದ್ದರು. ಡಬ್ಬಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ನಗುತ್ತಿದ್ದ ಜನವೇ ಅವನು ಬೆನ್ನು ತಿರುಗಿಸಿದೊಡನೆ ದನಿ ತಗ್ಗಿಸುತ್ತಿದ್ದರು. ಒಮ್ಮೆ ಪ್ರತಿಷ್ಠಾನದವರು ಎರಡು ವಾರ ಜರ್ಮನಿಗೆ ಕರೆಸಿಕೊಂಡಾಗ ಅವನು ದಪ್ಪ ಉಣ್ಣೆಯ ಕೋಟೊಂದನ್ನು ತೊಟ್ಟು ಮರಳಿದ್ದ. ಯಾರ ಹೆಸರು ಮಾರಿ ತಂದ ಕೋಟೋ ಎಂದು ಊರು ಆಡಿಕೊಂಡಿತು. ಆಗ ದೇಶ ಆಳುತ್ತಿದ್ದ ಪಕ್ಷದವರು ಊರಿನ ಅಮೋಸಿಯನ್ನು ಎಳೆದೊಯ್ದ ವರ್ಷವೇ ಕೆಫಾಸಿಗೆ ಅದೇ ಪಕ್ಷದ ಹೆಂಗಸರ ಕುಣಿತದ ಬಟ್ಟೆಯನ್ನೆಲ್ಲ ಹೊಲಿಯುವ ಕೆಲಸ ಸಿಕ್ಕಿತ್ತು. ಅದನ್ನು ಯಾರೂ ಆಡಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಕೋಟಿನ ಮೇಲಿತ್ತು.

ಹತ್ತು ಗಂಟೆಯ ಹೊತ್ತಿಗೆ ಜೋಶಾಮು ಅಂಗಳಕ್ಕೆ ಬಂದ. ಮೊಣಕಾಲಿನವರೆಗೆ ಕೆಂಪು ಮಣ್ಣು. ಈ ಸೀಮೆಯಲ್ಲಿ ಗುಂಡಿ ತೋಡುವವರ ಮಾತಿಗೆ ಊರ ಯಜಮಾನಿಯ ಮಾತಿಗಿಂತ ತೂಕ ಹೆಚ್ಚು. ಅವರು ಗುದ್ದಲಿ ಕೆಳಗಿಟ್ಟರೆ ಹೆಣ ಅಂಗಳ ದಾಟುವುದಿಲ್ಲ. ಜೋಶಾಮು ಅವರಿಗೆ ಹಿರಿಯ. ಎಳೆದೊಯ್ದವರ ಕೈಯಿಂದ ಮರಳಿ ಬಾರದ ಅಮೋಸಿ ಅವನ ಬೆನ್ನಿಗೆ ಹುಟ್ಟಿದ ತಮ್ಮ.

"ಗುಂಡಿ ತಯಾರಾಗಿದೆ," ಎಂದ ಅವನು ಟಿಯಾಮಿಕೆಗೆ. "ಹೊತ್ಕೊಂಡು ಅಲ್ಲಿವರೆಗೆ ತರ್ತೀವಿ. ಒಳಗೆ ಇಳಿಸೋದು ಮಾತ್ರ ಉತ್ತರ ಸಿಕ್ಕ ಮೇಲೆ."

"ಯಾವ ಉತ್ತರ ಚಿಕ್ಕಪ್ಪ?"

"ನಿಂಗೆ ಗೊತ್ತು."

ಆ ಪಟ್ಟಿಯಲ್ಲಿ ಅಮೋಸಿಯ ಹೆಸರಿತ್ತೇ ಎನ್ನುವ ಪ್ರಶ್ನೆ ಎಂದು ಅವಳಿಗೆ ಗೊತ್ತಿತ್ತು. ಅದೇ ಅವಳ ಸಂಕಟ.

*

ಆ ಪಟ್ಟಿಯ ಕಾಲಕ್ಕೆ ಅವಳಿಗೆ ಒಂಬತ್ತು ವರ್ಷ. ದೇಶಕ್ಕೆ ಒಂದೇ ಪಕ್ಷ ಸಾಕೋ, ಹಲವು ಬೇಕೋ ಎಂದು ಜನರನ್ನೇ ಕೇಳುವ ಓಟಿಗೆ ಇನ್ನು ಮೂರು ತಿಂಗಳಿತ್ತು. ಒಂದೇ ಸಾಕು ಎನ್ನುವವರಿಗೆ ಹುಂಜದ ಚಿತ್ರ, ಹಲವು ಬೇಕು ಎನ್ನುವವರಿಗೆ ಲಾಟೀನಿನ ಚಿತ್ರ. ಪಕ್ಷದ ಕಾರ್ಡಿಲ್ಲದೆ ಸಂತೆಗೆ ಕಾಲಿಡಲಾಗದ ಕಾಲ ಅದು. ಅಪ್ಪ ಮೊದಲ ಸಭೆ ಕರೆದದ್ದು ಇದೇ ಮಾವಿನ ಮರದ ಕೆಳಗೆ. ಮೂವತ್ತೆರಡು ಜನ ಬಂದರು. ಲಾಟೀನಿನ ಚಿತ್ರವನ್ನು ಕೈಯಿಂದ ಕೈಗೆ ದಾಟಿಸಿದರು. ಕೊನೆಯಲ್ಲಿ ಅಪ್ಪ ಪ್ರತಿಷ್ಠಾನದ ಹಾಜರಿ ಕಾಗದ ತೆಗೆದಾಗ ಮಾತ್ರ ಎಲ್ಲರೂ ಎದ್ದು ಲುಂಗಿ ಕೊಡವಿಕೊಂಡರು. ಯಾರೂ ಹೆಸರು ಕೊಡಲಿಲ್ಲ, ಹೆಬ್ಬೆಟ್ಟೂ ಒತ್ತಲಿಲ್ಲ.

"ಆಗ್ಲಿ ಬಿಡ್ರಪ್ಪ," ಎಂದಿದ್ದ ಅಪ್ಪ, ಕಾಗದ ಮಡಿಸುತ್ತ. "ನಿಮ್ಮ ಹೆಸರೆಲ್ಲ ನಂಗೆ ಗೊತ್ತೇ ಇದೆಯಲ್ಲ. ಮನೇಲಿ ಕೂತು ನಾನೇ ಬರ್ಕೋತೀನಿ."

ಸಮಾಧಾನಕ್ಕೆ ಆಡಿದ ಮಾತು. ಇಪ್ಪತ್ತೊಂಬತ್ತು ವರ್ಷ ಊರು ಅದನ್ನು ಮರೆಯಲಿಲ್ಲ.

ಮರುದಿನ ನಸುಕಿಗೆ ಅಪ್ಪ ಒಬ್ಬನೇ ಸ್ಮಶಾನದ ತೋಪಿನೊಳಗಿಂದ ಹೊರಬಂದುದನ್ನು ಟಿಯಾಮಿಕೆ ಕಂಡಳು. ನೀರು ತರಲು ಹೋದವಳು ಬಿಂದಿಗೆ ಹಿಡಿದು ಅಲ್ಲೇ ನಿಂತಳು. ಗುಂಡಿ ತೋಡುವವರ ಹೊರತು ಯಾರೂ ಆ ತೋಪಿಗೆ ಒಂಟಿಯಾಗಿ ಹೋಗುವುದಿಲ್ಲ. ಹೋದವನನ್ನು ಮಾಟಗಾರ ಎನ್ನುತ್ತಾರೆ. ಅವಳು ತನ್ನ ಗೆಳತಿಯೊಬ್ಬಳಿಗೆ ಹೇಳಿದಳು, ಗೆಳತಿ ತಾಯಿಗೆ ಹೇಳಿದಳು, ಸಂಜೆಯೊಳಗೆ ಊರಿಗೇ ತಿಳಿಯಿತು. ಅಪ್ಪ ಅವಳನ್ನು ಬೈಯಲಿಲ್ಲ. ಹಿತ್ತಲಿಗೆ ಕರೆದು, ಶಾಯಿಯ ಬಟ್ಟೆ ಮುಂದಿಟ್ಟು, ಆಟ ಆಡೋಣ ಬಾ ಎಂದ. ಕಾಗದದಲ್ಲಿ ಬರಹವಿದ್ದ ಎಡ ಅರ್ಧ ಮುಚ್ಚಿ ಹಿಡಿದಿದ್ದ. ಅವಳು ಹೆಬ್ಬೆರಳು ಒತ್ತಿದಳು: ನೇರಕ್ಕೆ, ಓರೆಗೆ, ತಲೆಕೆಳಗೆ. ಒತ್ತಿ ಒತ್ತಿ ಬೆರಳು ನೋಯುವವರೆಗೆ.

ಹದಿನೈದು ದಿನಕ್ಕೆ ಪಕ್ಷದ ಹುಡುಗರು ಲಾರಿಯಲ್ಲಿ ಬಂದು ಅಮೋಸಿಯನ್ನು ಜೋಳದ ಹೊಲದಿಂದಲೇ ಎಳೆದೊಯ್ದರು. ಸಭೆಯಲ್ಲಿ ಹೆಚ್ಚು ಪ್ರಶ್ನೆ ಕೇಳಿದವನು ಅವನೇ. ಅವನ ಹೆಣವೂ ಮರಳಲಿಲ್ಲ.

ಬೆಳೆದಂತೆಲ್ಲ ಟಿಯಾಮಿಕೆಗೆ ಆ ಕಾಗದದ ನೆನಪು ಬೆಳೆಯಿತು. ಅಮೋಸಿಯ ಹೆಸರಿನ ಪಕ್ಕದಲ್ಲಿ ಒತ್ತಿದ್ದು ತನ್ನದೇ ಹೆಬ್ಬೆಟ್ಟೇ? ಒಮ್ಮೆ ಕೇಳಿಯೂಬಿಟ್ಟಳು. ಅಪ್ಪ ಸೈಕಲ್ಲಿನ ಚೈನು ತಿಕ್ಕುತ್ತಲೇ, ನಿನ್ನ ಬೆರಳಿಂದ ಯಾರಿಗೂ ಕೇಡಾಗಿಲ್ಲ ಎಂದಷ್ಟೇ ಹೇಳಿದ. ಅವಳು ನಂಬಬೇಕೆಂದುಕೊಂಡಳು. ನಂಬಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ ಪ್ರತಿಷ್ಠಾನದ ಬಿಳಿ ಜೀಪು ಬಂತು. ಇಳಿದವನು ವಿತುಂಬಿಕೊ, ರಾಜಧಾನಿಯ ಕಚೇರಿಯ ಅಧಿಕಾರಿ, ಉತ್ತರದ ಕಡೆಯವನು. ಇಸ್ತ್ರಿ ಮಾಡಿದ ಕಪ್ಪು ಸೂಟು, ಕಂಕುಳಲ್ಲಿ ಬಟ್ಟೆ ಸುತ್ತಿದ ಗಾಜಿನ ಚೌಕಟ್ಟು. ಟಿಯಾಮಿಕೆಯ ಕೈ ಹಿಡಿದು, ಜಿಲ್ಲಾ ಕೇಂದ್ರದಲ್ಲಿ ಕಟ್ಟುತ್ತಿರುವ ನಾಗರಿಕ ಶಿಕ್ಷಣ ಕೇಂದ್ರಕ್ಕೆ ಅವಳ ಅಪ್ಪನ ಹೆಸರಿಡುವುದೆಂದು ತೀರ್ಮಾನವಾಗಿದೆ ಎಂದ. ಊರು ಒಂದು ಹೆಸರು ಬರೆಯಲು ಒಲ್ಲದ ಮನುಷ್ಯನ ಹೆಸರು ಒಂದು ಕಟ್ಟಡದ ಮೇಲೆ ಬರುವುದಿತ್ತು.

ಸ್ಮಶಾನದ ತೋಪಿನಲ್ಲಿ ಶವಪೆಟ್ಟಿಗೆಯನ್ನು ಗುಂಡಿಯ ಅಂಚಿಗೆ ಇಟ್ಟು ಗುದ್ದಲಿಯವರು ಹಿಂದೆ ಸರಿದರು. ಪಾದ್ರಿ ಪ್ರಾರ್ಥನೆ ಮುಗಿಸಿದರೂ ಯಾರೂ ಹಗ್ಗ ಮುಟ್ಟಲಿಲ್ಲ. ಊರ ಯಜಮಾನಿ, ಎಂಬತ್ತರ ಮುದುಕಿ, ಪ್ರತಿಷ್ಠಾನದವರು ಏನೋ ಹೇಳುವುದಿದೆಯಂತೆ, ಮೊದಲು ಅದಾಗಲಿ ಎಂದಳು. ಆಕೆಗೂ ಹೊತ್ತು ದೂಡಬೇಕಿತ್ತು.

ವಿತುಂಬಿಕೊ ಬಟ್ಟೆ ಬಿಚ್ಚಿ ಚೌಕಟ್ಟನ್ನು ಎತ್ತಿ ಹಿಡಿದ. ಈ ಜಿಲ್ಲೆಯ ಮೊಟ್ಟಮೊದಲ ನಾಗರಿಕ ಸಭೆಯ ಹಾಜರಿ ಪಟ್ಟಿ, ಜರ್ಮನಿಯ ಕಡತಗಳಲ್ಲಿ ಜೋಪಾನವಾಗಿತ್ತು, ಹುಡುಕಿಸಿ ತರಿಸಿದ್ದೇವೆ ಎಂದು ಹೆಮ್ಮೆಯಿಂದ ಹೇಳಿದ.

ಜನ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಇಷ್ಟು ವರ್ಷ ಪಿಸುಮಾತಿನಲ್ಲಿದ್ದ ಪಟ್ಟಿ ಹಗಲು ಬೆಳಕಿನಲ್ಲಿ, ಗಾಜು ಹಾಕಿಸಿಕೊಂಡು ಬಂದಿತ್ತು.

"ನಾನು ಹೇಳಲಿಲ್ವಾ?" ಎಂದ ಕೆಫಾಸಿ ಹಿಂದಿನಿಂದ. "ಬರ್ದಿದ್ದ. ಕಳಿಸಿದ್ದ."

"ಓದಿ," ಎಂದ ಜೋಶಾಮು.

ಟಿಯಾಮಿಕೆ ತಡೆಯಲೆಂದು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ವಿತುಂಬಿಕೊ ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಕರೆಯುವವನಂತೆ ಓದಿದ.

"ಬಿಸ್ವಿಕಿ ನಖೋಮಾ."

ಜೋಶಾಮುವಿನ ಹುಬ್ಬು ಗಂಟಿಕ್ಕಿತು.

"ಎಲೆನಾ ಚಿಪುಂಗು. ಲೊಂಡೊಲಾ ಮ್ಬೆವೆ."

"ನಿಲ್ಸಿ," ಎಂದ ಜೋಶಾಮು. ನಿಧಾನವಾಗಿ ತಿರುಗಿ ಎಡಕ್ಕೆ, ಬೇರು ತಬ್ಬಿದ ಸಿಮೆಂಟು ದಿಬ್ಬವೊಂದನ್ನು ನೋಡಿದ. "ಎಲೆನಾ ಗುಂಡಿ ನಾನು ತೋಡಿದ್ದು. ನನ್ನ ಮದುವೆ ವರ್ಷ. ಮಳೇಲಿ ಮಣ್ಣು ನಿಲ್ತಾನೇ ಇರ್ಲಿಲ್ಲ." ಮತ್ತೆ ವಿತುಂಬಿಕೊನ ಕಡೆ ನೋಡಿದ. "ಮುಂದೆ ಓದಿ."

ಮುಂದಿನ ಹೆಸರಿಗೆ ಜೋಶಾಮು ಗುದ್ದಲಿಯ ಕಾವಿನಿಂದ ಒಂದು ಶಿಲುಬೆ ತೋರಿಸಿ, ಇಲ್ಲಿದ್ದಾನೆ ಎಂದ. ಅದರ ಮುಂದಿನದಕ್ಕೆ ಇನ್ನೊಬ್ಬ ಮುದುಕ, ಇಗೋ ಇಲ್ಲಿ ಎಂದ. ಆಮೇಲೆ ಹೆಂಗಸರೂ ಸೇರಿದರು. ಇಲ್ಲಿ ನಮ್ಮತ್ತೆ. ಇಲ್ಲಿ ನಮ್ಮಜ್ಜ. ಹಾಜರಿಗೆ ಸಿಗುತ್ತಿದ್ದ ಉತ್ತರದಿಂದ ವಿತುಂಬಿಕೊನ ಮುಖ ಅರಳಿತು, ದನಿ ಏರಿಸಿದ.

"ಇವರೆಲ್ಲ ಇವತ್ತು ಬಂದಿದಾರಾ?" ಎಂದು ಸಂತೋಷ ತಾಳಲಾರದೆ ಕೇಳಿದ.

"ಬಂದಿದಾರೆ ಸ್ವಾಮಿ," ಎಂದ ಜೋಶಾಮು. "ಇವರು ಎಲ್ಲಿಗೂ ಹೋಗೋರಲ್ಲ."

ಆಗ ವಿತುಂಬಿಕೊನ ಕಣ್ಣು ಪಕ್ಕದ ಶಿಲುಬೆಯ ಮೇಲೆ ಮೊಳೆಯಿಂದ ಕೆತ್ತಿದ ಅಕ್ಷರಗಳ ಮೇಲೆ ಬಿತ್ತು. ಪಟ್ಟಿಯನ್ನು ನೋಡಿದ. ಇನ್ನೊಂದು ಶಿಲುಬೆ ನೋಡಿದ. ಚೌಕಟ್ಟು ಮೆಲ್ಲಗೆ ಕೆಳಗಿಳಿಯಿತು. ಟಿಯಾಮಿಕೆಯ ಹತ್ತಿರ ಬಂದು, ದನಿಯಲ್ಲಿ ಅನುಮಾನ ತುಂಬಿಕೊಂಡು, ಇವರೆಲ್ಲ ಸಭೆ ಆದ ಮೇಲೆ ತೀರಿಕೊಂಡವರು, ಅಲ್ಲವೇ ಎಂದ. ಹಾಗೆಂದುಬಿಡಿ ಎಂದು ಬೇಡುವಂತಿತ್ತು ಆ ಪ್ರಶ್ನೆ.

ಹೌದು ಎನ್ನುವುದು ಸುಲಭವಿತ್ತು. ಕಟ್ಟಡಕ್ಕೆ ಅಪ್ಪನ ಹೆಸರು ಉಳಿಯುತ್ತಿತ್ತು. ಅವಳು ಗಾಜಿಗೆ ಮುಖ ಹತ್ತಿರ ತಂದಳು. ಮೂವತ್ತೆರಡು ಹೆಸರು, ಮೂವತ್ತೆರಡು ಪುಟ್ಟ ಹೆಬ್ಬೆಟ್ಟು. ಒಂದೊಂದರ ಮೇಲೂ ಅಡ್ಡಕ್ಕೆ ತೆಳ್ಳನೆಯ ಗೀರು, ತನ್ನ ಹೆಬ್ಬೆರಳಿಗೆ ಏಳನೆಯ ವಯಸ್ಸಿನಲ್ಲಿ ಕುಡುಗೋಲು ತಾಗಿದ ಗಾಯದ್ದು. ಅಮೋಸಿಯ ಹೆಸರು ಎಲ್ಲಿಯೂ ಇರಲಿಲ್ಲ. ಅವಳಿಗೆ ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗಾಯಿತು.

"ಮೊದಲೇ ಸತ್ತೋರು," ಎಂದಳು ಎಲ್ಲರಿಗೂ ಕೇಳುವಂತೆ. "ಹೆಸರು ಈ ಶಿಲುಬೆಗಳದ್ದು. ಹೆಬ್ಬೆಟ್ಟು ನಂದು." ಹೆಬ್ಬೆರಳು ಎತ್ತಿ ತೋರಿಸಿದಳು. "ನಮ್ಮಪ್ಪ ನಿಮ್ಮಲ್ಲಿ ಒಬ್ಬರ ಹೆಸರೂ ಕೊಡಲಿಲ್ಲ."

ಅಪ್ಪ ಇದನ್ನು ಹೇಳಿದ್ದರೆ ಪ್ರತಿಷ್ಠಾನ ಅವನನ್ನು ಸುಳ್ಳ ಎನ್ನುತ್ತಿತ್ತು. ಸತ್ತವರ ಹೆಸರು ಬರೆದುಕೊಂಡವನು ಎಂದು ಊರು ಮಾಟಗಾರ ಎನ್ನುತ್ತಿತ್ತು. ಅದಕ್ಕೇ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ಡಬ್ಬಿ ಹೊತ್ತು ತಿರುಗಿದ. ಟಿಯಾಮಿಕೆ ಅಪ್ಪ ಸತ್ತ ಮೇಲೆ ಮೊದಲ ಸಲ ಬಿಕ್ಕಿ ಅತ್ತಳು.

ವಿತುಂಬಿಕೊ ಚೌಕಟ್ಟಿಗೆ ಮತ್ತೆ ಬಟ್ಟೆ ಸುತ್ತಿದ. ಕೇಂದ್ರದ ಹೆಸರಿನ ವಿಷಯ ಕಚೇರಿಯಲ್ಲಿ ಇನ್ನೊಮ್ಮೆ ಕೂತು ಮಾತಾಡಬೇಕಾಗುತ್ತದೆ ಎಂದು ನೆಲ ನೋಡುತ್ತ ಹೇಳಿದ. ಆಗಲಿ ಎಂದಳು ಅವಳು.

ಜೋಶಾಮು ತಾನೇ ಹಗ್ಗ ಹಿಡಿದ. ಉಣ್ಣೆಯ ಕೋಟು ತೊಟ್ಟ ಫ್ರಾಕ್ಸನ್ ತಾನು ಪಟ್ಟಿಗೆ ಸೇರಿಸಿದವರ ನಡುವೆ ಇಳಿದ. ಜೋಶಾಮು ಮಣ್ಣು ತುಂಬಿಸಿ ದಿಬ್ಬ ಸಮಮಾಡಿದ. ಗುದ್ದಲಿ ಊರಿ ನಿಂತು ಕೊನೆಗೆ ಕೇಳಿದ.

"ಹಾಗಾದ್ರೆ ನನ್ನ ತಮ್ಮನ ಹೆಸರು ಕೊಟ್ಟೋರು ಯಾರು?"

ಅಂದು ಮರದ ಕೆಳಗೆ ಕೂತಿದ್ದವರಲ್ಲಿ ಬದುಕಿ ಉಳಿದವರು ಜೋಶಾಮುವೂ ಸೇರಿ ಹದಿನಾಲ್ಕು ಜನ. ಇಷ್ಟು ವರ್ಷ ಒಂದೇ ಕಡೆಗೆ ಬೆರಳು ತೋರಿಸಿದವರು ಈಗ ಒಬ್ಬರ ಮುಖ ಒಬ್ಬರು ನೋಡಿದರು.

ಜೋಶಾಮು ಟಿಯಾಮಿಕೆಯ ಕಂಕುಳಿನಿಂದ ಪುಸ್ತಕ ತೆಗೆದುಕೊಂಡ. ಹೊಸ ದಿಬ್ಬದ ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿ, ಮೊದಲ ಸಾಲಿನಲ್ಲಿ ಊರಿದ. ಕೆಂಪಗೆ ಮೂಡಿತು. "ಅವತ್ತು ಬಂದಿದ್ದೋರು ಬನ್ನಿ," ಎಂದ. ಯಾರೂ ಕನ್ನಡಕದ ನೆವ ಹೇಳಲಿಲ್ಲ. ಬಂದರು, ಮಣ್ಣು ಮುಟ್ಟಿದರು, ಒತ್ತಿದರು. ಜೋಶಾಮು ಪುಸ್ತಕ ಹಿಡಿದುಕೊಂಡು ಕೈಗಳನ್ನಲ್ಲ, ಮುಖಗಳನ್ನು ನೋಡುತ್ತಿದ್ದ.

"ಹದಿಮೂರು," ಎಂದು ಎಣಿಸಿದ. "ಕೆಫಾಸಿ ಎಲ್ಲಿ?"

ಎಲ್ಲರೂ ತಿರುಗಿದರು. ತೋಪಿನ ಅಂಚಿನಿಂದ ಫ್ರಾಕ್ಸನ್‌ನ ಅಂಗಳದ ಮಾವಿನ ಮರ ಕಾಣುತ್ತಿತ್ತು. ಅದರ ಬುಡದಲ್ಲಿ ಸೈಕಲ್ಲಿರಲಿಲ್ಲ. ಜೋಶಾಮು ಪುಸ್ತಕ ಮುಚ್ಚಲಿಲ್ಲ. ಹದಿನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು, ಅಲ್ಲೇ ದಿಬ್ಬದ ಪಕ್ಕ ಕೂತುಕೊಂಡ.